ಇಯಾಸೋಸ್: ಭಕ್ತರಿಲ್ಲದ ಪೀಠಕ್ಕೆ ಧರ್ಮಾಧ್ಯಕ್ಷರು ಬಂದ ಬಗೆ

1861ರಲ್ಲಿ ಬೆಂಗಳೂರಿನಲ್ಲಿ ಒಂದು ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾಯಿತು. ಅದರ ಕರ್ತೃವನ್ನು ಮುಖಪುಟದಲ್ಲಿ ಎರಡು ಪದವಿಗಳಿಂದ ಗುರುತಿಸಲಾಗಿದೆ: ಯಾಸ್ಸುಸ್‌ನ ಧರ್ಮಾಧ್ಯಕ್ಷ ಮತ್ತು ಮೈಸೂರಿನ ವಿಕಾರ್ ಅಪೊಸ್ತೊಲಿಕ್, ಅಂದರೆ ಆ ಸೀಮೆಗೆ ಪೋಪರ ಪ್ರತಿನಿಧಿ. ಎರಡೂ ಪದವಿಗಳು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಎತಿಯೆನ್ ಲೂಯಿ ಶಾರ್ಬೊನೊ ಎಂಬ ಫ್ರೆಂಚ್ ಗುರುಗಳಿಗೆ ಸೇರಿದ್ದವು. ಎರಡನೆಯ ಪದವಿ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಅವರು ಕೆಲಸ ಮಾಡಿದ್ದು ಮೈಸೂರು ಸೀಮೆಯಲ್ಲಿ, ತೀರಿಕೊಂಡದ್ದೂ 1873ರಲ್ಲಿ ಇಲ್ಲಿಯೇ. ಮೊದಲನೆಯದು ಮಾತ್ರ ಓದುಗರನ್ನು ತಡೆದು ನಿಲ್ಲಿಸುತ್ತದೆ. ಗ್ರೀಕರು ಇಯಾಸೋಸ್ ಎಂದು ಕರೆಯುತ್ತಿದ್ದ ಯಾಸ್ಸುಸ್ ಇರುವುದು ಇಂದಿನ ತುರ್ಕಿಯ ನೈಋತ್ಯ ಕರಾವಳಿಯಲ್ಲಿ. ಶಾರ್ಬೊನೊ ಅವರ ಕಾಲಕ್ಕೆ ಅಲ್ಲಿ ಪ್ರಧಾನಾಲಯವಿರಲಿಲ್ಲ, ಗುರುಗಳಿರಲಿಲ್ಲ, ಧರ್ಮಪ್ರಾಂತ್ಯವೆನ್ನಬಹುದಾದ ಯಾವುದೂ ಉಳಿದಿರಲಿಲ್ಲ. ಆದರೂ ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನ ಪ್ರಕಾರ ಅವರು ಆ ಊರಿನ ಧರ್ಮಾಧ್ಯಕ್ಷರಾಗಿದ್ದರು.

ಇಂತಹ ಪದವಿಯನ್ನು ಗೌರವಾರ್ಥದ ಬಿರುದು ಎಂದು ಬದಿಗಿಡುವವರು ಅನೇಕರು. ಆ ವಿವರಣೆ ಸಾಲದು ಎಂಬುದು ನನ್ನ ಅಭಿಪ್ರಾಯ. ಇದರ ಹಿಂದೆ ಐದನೆಯ ಶತಮಾನದ ಒಂದು ನಿಯಮವಿದೆ, ಆ ನಿಯಮವನ್ನು ಮುರಿಯಲಾರದೆ ಮುಂದಿನ ಪೀಳಿಗೆಗಳು ಕಂಡುಕೊಂಡ ದಾರಿಗಳಿವೆ, ಮತ್ತು ಯುರೋಪಿನ ಎರಡು ಅಧಿಕಾರ ಕೇಂದ್ರಗಳ ನಡುವೆ ಭಾರತದ ನೆಲದಲ್ಲಿ ನಡೆದ ದೀರ್ಘ ತಿಕ್ಕಾಟವೂ ಇದೆ. ಇವೆಲ್ಲವನ್ನೂ ಬಿಡಿಸಿ ನೋಡಬೇಕಾದರೆ ಇಯಾಸೋಸ್ ಎಂಬ ಊರಿನಿಂದಲೇ ಆರಂಭಿಸಬೇಕು.

ಕಾರಿಯಾ ಎಂಬ ಪ್ರಾಚೀನ ಸೀಮೆಯ ಕರಾವಳಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಒಂದು ಸಣ್ಣ ದಿಬ್ಬದ ಮೇಲೆ ಈ ನಗರ ಬೆಳೆಯಿತು. ಮೊದಲು ದ್ವೀಪವಾಗಿದ್ದ ಆ ದಿಬ್ಬ ಈಗ ನೆಲಕ್ಕೆ ಕೂಡಿಕೊಂಡು ಪರ್ಯಾಯ ದ್ವೀಪವಾಗಿದೆ. ಅದರ ಪಕ್ಕದ ಕಿಯಿಕಿಶ್ಲಾಜಿಕ್ ಎಂಬ ಹಳ್ಳಿ ಮುಗ್ಲಾ ಪ್ರಾಂತ್ಯದ ಮಿಲಾಸ್ ತಾಲ್ಲೂಕಿಗೆ ಸೇರುತ್ತದೆ. ಬೇಸಾಯಕ್ಕೆ ಒಳ್ಳೆಯ ನೆಲವಿಲ್ಲದ ಈ ಊರು ಮೀನಿನಿಂದ ಬದುಕುತ್ತಿತ್ತು. ಭೂಗೋಳಕಾರ ಸ್ಟ್ರಾಬೊ ಇದರ ಬಗ್ಗೆ ಒಂದು ಪ್ರಸಂಗವನ್ನು ಹೇಳುತ್ತಾನೆ. ತಂತಿವಾದ್ಯದೊಡನೆ ಹಾಡುವ ಗಾಯಕನೊಬ್ಬ ಇಯಾಸೋಸ್‌ನಲ್ಲಿ ಕಛೇರಿ ನಡೆಸುತ್ತಿದ್ದಾಗ ಮೀನು ಮಾರಾಟ ಆರಂಭವಾಯಿತೆಂದು ಸಾರುವ ಗಂಟೆ ಬಾರಿಸಿತು. ಕೇಳುತ್ತಿದ್ದವರೆಲ್ಲ ಎದ್ದು ಹೋದರು, ಕಿವಿ ಸರಿಯಾಗಿ ಕೇಳದ ಒಬ್ಬ ಮಾತ್ರ ಉಳಿದ. ಗಾಯಕ ಅವನ ಬಳಿಗೆ ಬಂದು, ಗಂಟೆ ಬಾರಿಸಿದರೂ ನೀನೊಬ್ಬ ಕಲೆಗೆ ಮರ್ಯಾದೆ ಕೊಟ್ಟೆ ಎಂದು ವಂದಿಸಿದಾಗ, ಆತ ‘ಗಂಟೆ ಬಾರಿಸಿತೇ?’ ಎಂದು ಕೇಳಿ, ಹೌದೆಂದು ತಿಳಿದ ಕೂಡಲೇ ಗಾಯಕನಿಗೆ ಒಳ್ಳೆಯದಾಗಲಿ ಎಂದು ಹರಸಿ ತಾನೂ ಮಾರುಕಟ್ಟೆಗೆ ನಡೆದ. ನಗರದ ನಾಣ್ಯಗಳ ಮೇಲೆ ಡಾಲ್ಫಿನ್ ಜೊತೆಗೆ ಈಜುವ ಹುಡುಗನ ಚಿತ್ರವಿದೆ. ಕಡಲು ಈ ಜನರಿಗೆ ಅನ್ನವೂ ಹೌದು, ಕಥೆಯೂ ಹೌದು.

ಇಯಾಸೋಸ್‌ನ ಹೆಸರನ್ನು ದೂರಕ್ಕೆ ಒಯ್ದ ಇನ್ನೊಂದು ಸಂಪತ್ತು ಅದರ ಸುತ್ತಮುತ್ತಲಿನ ಗಣಿಗಳ ಅಮೃತಶಿಲೆ. ಕೆಂಪು ಮತ್ತು ಬಿಳಿಯ ಓರೆ ಗೆರೆಗಳಿರುವ ಈ ಕಲ್ಲನ್ನು ಕಾನ್‌ಸ್ಟಾಂಟಿನೋಪಲ್‌ನ ಹಗಿಯಾ ಸೋಫಿಯಾ ಮಹಾದೇವಾಲಯಕ್ಕೆ ಬಳಸಲಾಯಿತು. ಆ ದೇವಾಲಯದ ಗುಮ್ಮಟವನ್ನು ಮರಳಿ ಕಟ್ಟಿದ ಮೇಲೆ, 563ರಲ್ಲಿ, ಅರಮನೆಯ ಅಧಿಕಾರಿ ಪಾಲ್ ಸೈಲೆಂಟಿಯರಿ ರಚಿಸಿದ ವರ್ಣನಾ ಕಾವ್ಯದಲ್ಲಿ ಇಯಾಸೋಸ್ ಬೆಟ್ಟಗಳ ಈ ಕಲ್ಲಿನ ಉಲ್ಲೇಖ ಬರುತ್ತದೆ. ರಾಜಧಾನಿಯ ಅತಿ ದೊಡ್ಡ ದೇವಾಲಯದಲ್ಲಿ ಈ ಸಣ್ಣ ಬಂದರಿನ ಕಲ್ಲು ಸೇರಿಕೊಂಡ ಕಾಲಕ್ಕೆ ಇಲ್ಲಿ ಧರ್ಮಾಧ್ಯಕ್ಷರ ಪೀಠ ನೆಲೆಗೊಂಡು ಒಂದು ಶತಮಾನ ಕಳೆದಿತ್ತು.

ಪೀಠ ಎಂಬುದು ಬೈಜಾಂಟೈನ್ ಸಾಮ್ರಾಜ್ಯದಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ, ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಧರ್ಮಸಭೆಯ ವಿಂಗಡಣೆ ಸರ್ಕಾರದ ವಿಂಗಡಣೆಯನ್ನೇ ಅನುಸರಿಸುತ್ತಿತ್ತು. ನಗರಕ್ಕೊಬ್ಬ ಧರ್ಮಾಧ್ಯಕ್ಷ, ಪ್ರಾಂತ್ಯದ ಮುಖ್ಯ ನಗರದ ಧರ್ಮಾಧ್ಯಕ್ಷನಿಗೆ ಮೆಟ್ರೊಪಾಲಿಟನ್ ಎಂಬ ಹಿರಿಯ ಸ್ಥಾನ, ಆತನ ಮೇಲೆ ಪೇಟ್ರಿಯಾರ್ಕ್. ಸಾಮ್ರಾಜ್ಯದ ಧರ್ಮಾಧ್ಯಕ್ಷರು ಸೇರಿದ್ದ 451ರ ಕಾಲ್ಸೆಡನ್ ಮಹಾಸಭೆಯ ನಂತರ ಏಷ್ಯಾ ಮೈನರ್‌ನ, ಅಂದರೆ ಇಂದಿನ ತುರ್ಕಿಯ ಅನಾತೋಲಿಯದ, ಈ ಭಾಗದ ಮಟ್ಟಿಗೆ ಅದು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್. ಕಾರಿಯಾ ಪ್ರಾಂತ್ಯದ ಮುಖ್ಯ ನಗರ ಅಫ್ರೋಡಿಸಿಯಾಸ್. ಪ್ರೇಮದೇವತೆ ಅಫ್ರೋಡೈಟಿಯ ಹೆಸರು ಹೊತ್ತಿದ್ದ ಆ ನಗರದ ಮಹಾದೇಗುಲ 500ರ ಸುಮಾರಿಗೆ ಚರ್ಚಾಗಿ ಪರಿವರ್ತನೆಗೊಂಡಿತು, ಏಳನೆಯ ಶತಮಾನದ ಹೊತ್ತಿಗೆ ನಗರದ ಹೆಸರೇ ಸ್ಟಾವ್ರೋಪೊಲಿಸ್, ಅಂದರೆ ಶಿಲುಬೆಯ ನಗರ, ಎಂದು ಬದಲಾಯಿತು. ಇಯಾಸೋಸ್‌ನ ಧರ್ಮಾಧ್ಯಕ್ಷರು ಈ ಮೆಟ್ರೊಪಾಲಿಟನ್‌ಗೆ ಅಧೀನರಾಗಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರು.

ಅವರು ಯಾರು, ಏನು ಮಾಡಿದರು ಎಂಬುದಕ್ಕೆ ಉಳಿದಿರುವ ಆಧಾರ ತೀರಾ ತೆಳುವಾದುದು, ಮತ್ತು ಆ ಆಧಾರದ ಸ್ವರೂಪವೇ ಮುಂದಿನ ಕಥೆಗೆ ಮುಖ್ಯ. ಸಾಮ್ರಾಜ್ಯದ ಧರ್ಮಾಧ್ಯಕ್ಷರು ಮಹಾಸಭೆಗಳಲ್ಲಿ ಸೇರಿದಾಗ ನಿರ್ಣಯಗಳ ಕೆಳಗೆ ತಮ್ಮ ಹೆಸರನ್ನೂ ಊರನ್ನೂ ಬರೆದು ಸಹಿ ಹಾಕುತ್ತಿದ್ದರು. ಕಾಲ್ಸೆಡನ್‌ನಲ್ಲಿ ಬಾರದವರ ಹೆಸರುಗಳನ್ನು ಅವರವರ ಮೆಟ್ರೊಪಾಲಿಟನ್‌ಗಳೇ ಸೇರಿಸಿದ್ದೂ ಉಂಟು. 1740ರಲ್ಲಿ, ಕರ್ತೃ ತೀರಿಕೊಂಡ ಮೇಲೆ ಪ್ರಕಟವಾದ ಒಂದು ಬೃಹತ್ ಗ್ರಂಥದಲ್ಲಿ ಡೊಮಿನಿಕನ್ ವಿದ್ವಾಂಸ ಮೈಕೆಲ್ ಲೆ ಕ್ವಿಯೆನ್ ಇಂತಹ ದಾಖಲೆಗಳನ್ನು ಹೆಕ್ಕಿ ಪೂರ್ವದ ಒಂದೊಂದು ಪೀಠಕ್ಕೂ ಧರ್ಮಾಧ್ಯಕ್ಷರ ಸಾಲನ್ನು ಜೋಡಿಸಿಕೊಟ್ಟರು. ಇಯಾಸೋಸ್‌ಗೆ ಅವರು ಕಂಡುಕೊಂಡದ್ದು ನಾಲ್ಕೇ ಹೆಸರುಗಳು: ಐದನೆಯ ಶತಮಾನದ ಮೊದಲ ಭಾಗದ ಥೆಮಿಸ್ಟಿಯಸ್, 451ರ ಕಾಲ್ಸೆಡನ್ ಸಭೆಯ ಕಾಲದ ಫ್ಲಾಸಿಲ್ಲಸ್, ವಿಗ್ರಹಗಳ ಗೌರವವನ್ನು ಪುನಃ ಸ್ಥಾಪಿಸಿದ 787ರ ಎರಡನೆಯ ನೈಸಿಯಾ ಸಭೆಯ ಕಾಲದ ಡೇವಿಡ್, ಒಂಬತ್ತನೆಯ ಶತಮಾನದ ಉತ್ತರಾರ್ಧದ ಗ್ರೆಗರಿ. ಇದರ ಜೊತೆಗೆ ಪೀಠಗಳನ್ನು ಅವುಗಳ ಅಂತಸ್ತಿನ ಕ್ರಮದಲ್ಲಿ ಬರೆದಿಡುತ್ತಿದ್ದ ಅಧಿಕೃತ ಪಟ್ಟಿಗಳಿವೆ; ಅವುಗಳಲ್ಲಿ ಇಯಾಸೋಸ್‌ನ ಹೆಸರು ಹನ್ನೆರಡು-ಹದಿಮೂರನೆಯ ಶತಮಾನದವರೆಗೂ ಕಾಣಿಸಿಕೊಳ್ಳುತ್ತದೆ. ಈ ಪಟ್ಟಿಗಳನ್ನು ಓದುವಾಗ ಎಚ್ಚರ ಬೇಕು. ಹಳೆಯ ಪಟ್ಟಿಯನ್ನು ಹೊಸದಾಗಿ ನಕಲು ಮಾಡುವವರು ಹಾಳುಬಿದ್ದ ಊರುಗಳ ಹೆಸರುಗಳನ್ನೂ ಹಾಗೆಯೇ ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದ ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಆ ಊರಿನಲ್ಲಿ ಆಗಲೂ ಧರ್ಮಾಧ್ಯಕ್ಷರು ವಾಸವಾಗಿದ್ದರು ಎಂದು ತೀರ್ಮಾನಿಸುವಂತಿಲ್ಲ.

ಕಾಗದಕ್ಕಿಂತ ನೆಲ ಹೆಚ್ಚು ಮಾತನಾಡುತ್ತದೆ. 1960ರಿಂದ ಇಟಲಿಯ ಪುರಾತತ್ವಜ್ಞರು, ಆರಂಭದಲ್ಲಿ ಡೊರೊ ಲೆವಿ ಅವರ ನೇತೃತ್ವದಲ್ಲಿ, ಇಲ್ಲಿ ಉತ್ಖನನ ನಡೆಸಿದ್ದಾರೆ. ಹಿಂದೆ ಮಾರುಕಟ್ಟೆಯೂ ಸಭಾಸ್ಥಳವೂ ಆಗಿದ್ದ ಅಗೋರಾದಲ್ಲಿ ಕ್ರೈಸ್ತ ಬಸಿಲಿಕಾ ಮತ್ತು ಸಮಾಧಿಗಳು ಸಿಕ್ಕಿವೆ, ದಿಬ್ಬದ ನೆತ್ತಿಯಲ್ಲಿ ಮಧ್ಯಯುಗದ ಕೋಟೆ ನಿಂತಿದೆ. ವ್ಯಾಪಾರ ನಡೆಯುತ್ತಿದ್ದ ಬಯಲಿನಲ್ಲಿ ಜನ ಪ್ರಾರ್ಥಿಸಿದರು, ತಮ್ಮವರನ್ನು ಅಲ್ಲಿಯೇ ಮಣ್ಣು ಮಾಡಿದರು, ಭಯದ ದಿನಗಳಲ್ಲಿ ಎತ್ತರಕ್ಕೆ ಏರಿ ಗೋಡೆ ಕಟ್ಟಿಕೊಂಡರು. ನಾಲ್ಕು ಹೆಸರುಗಳ ಹಿಂದೆ ಇದ್ದ ಸಮುದಾಯದ ಬದುಕನ್ನು ತಿಳಿಯಲು ನನಗೆ ಈ ಬಸಿಲಿಕಾ ಎಲ್ಲ ಪಟ್ಟಿಗಳಿಗಿಂತ ಹೆಚ್ಚು ನೆರವಾಗುತ್ತದೆ.

ಪೀಠ ಯಾವ ದಿನ ಕೊನೆಗೊಂಡಿತು ಎಂದು ಬೆರಳಿಟ್ಟು ತೋರಿಸಲಾಗದಿದ್ದರೂ, ಅದಕ್ಕೆ ಕಾರಣವಾದ ಬೆಳವಣಿಗೆಗಳು ಸ್ಪಷ್ಟವಾಗಿವೆ. 1071ರ ಮಂಜಿಕರ್ಟ್ ಯುದ್ಧದ ನಂತರ ಅನಾತೋಲಿಯದೊಳಕ್ಕೆ ತುರ್ಕರು ಬಂದರು. ಕಾಮ್ನೆನೋಸ್ ವಂಶದ ಚಕ್ರವರ್ತಿಗಳು ಪಶ್ಚಿಮ ಕರಾವಳಿಯನ್ನು ಮತ್ತೆ ಹಿಡಿದುಕೊಂಡರು. 1204ರಲ್ಲಿ ಪಶ್ಚಿಮ ಯುರೋಪಿನ ಲ್ಯಾಟಿನ್ ಸೇನೆಗಳು ಕಾನ್‌ಸ್ಟಾಂಟಿನೋಪಲನ್ನು ವಶಪಡಿಸಿಕೊಂಡ ಮೇಲೆ ಬೈಜಾಂಟೈನ್ ಆಡಳಿತ ನೈಸಿಯಾಕ್ಕೆ ಸ್ಥಳಾಂತರಗೊಂಡಿತು, ಆಗ ಏಷ್ಯಾದ ಗಡಿಗಳ ರಕ್ಷಣೆಯೇ ಅದರ ಮುಖ್ಯ ಕಾಳಜಿಯಾಯಿತು. ಆದರೆ 1261ರಲ್ಲಿ ರಾಜಧಾನಿ ಮರಳಿ ಸಿಕ್ಕಿದ ನಂತರ ಮೈಕೆಲ್ ಪಾಲಿಯೊಲೊಗೋಸ್ ಚಕ್ರವರ್ತಿಯ ಗಮನವೂ ಹಣವೂ ಯುರೋಪಿನ ಕಡೆಗೆ ಹರಿದು, ಏಷ್ಯಾದ ಗಡಿ ಸಡಿಲವಾಯಿತು. ಹದಿಮೂರನೆಯ ಶತಮಾನ ಮುಗಿಯುವಷ್ಟರಲ್ಲಿ ಕಾರಿಯಾ ಮೆಂತೆಶೆ ಎಂಬ ತುರ್ಕಿ ಮನೆತನದ ಕೈಸೇರಿತ್ತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಆ ಸಂಸ್ಥಾನವೂ ಆಟೊಮನ್ ಸಾಮ್ರಾಜ್ಯದಲ್ಲಿ ವಿಲೀನವಾಯಿತು. ಧರ್ಮಾಧ್ಯಕ್ಷರಿಗೆ ವರಮಾನ ತರುತ್ತಿದ್ದ ಭೂಮಿ ಹೋಯಿತು, ಭಕ್ತರಲ್ಲಿ ಕೆಲವರು ಊರು ಬಿಟ್ಟರು, ಕೆಲವರು ತಲೆಮಾರುಗಳ ಅವಧಿಯಲ್ಲಿ ಮತಾಂತರಗೊಂಡರು. ಸಣ್ಣ ಪೀಠಗಳು ಒಂದೊಂದಾಗಿ ಬರಿದಾದವು.

ಇಲ್ಲಿಗೆ ಇಯಾಸೋಸ್‌ನ ಕಥೆ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಫ್ಲಾಸಿಲ್ಲಸ್ ಅವರ ಹೆಸರು ದಾಖಲಾದ ಆ ಕಾಲ್ಸೆಡನ್ ಸಭೆಯೇ ಮಾಡಿದ ಒಂದು ವಿಧಿ. ಅದರ ಆರನೆಯ ವಿಧಿಯು, ಯಾರಿಗೂ ಊರು-ಕೇರಿಯಿಲ್ಲದೆ ದೀಕ್ಷೆ ಕೊಡಬಾರದು, ನಗರದ ಅಥವಾ ಹಳ್ಳಿಯ ಚರ್ಚಿಗೋ ಹುತಾತ್ಮರ ಸ್ಮಾರಕಕ್ಕೋ ಮಠಕ್ಕೋ ನಿಯೋಜಿಸಿಯೇ ಕೊಡಬೇಕು, ಹಾಗಲ್ಲದೆ ಕೊಟ್ಟ ದೀಕ್ಷೆ ನಡೆಯುವುದಿಲ್ಲ ಎಂದು ಹೇಳಿತು. ಅಲೆಮಾರಿ ಗುರುಗಳನ್ನು ತಡೆಯುವುದು ಆ ವಿಧಿಯ ಉದ್ದೇಶವಾಗಿತ್ತು, ಆದರೆ ಅದರ ಒಳಗಿನ ತತ್ವ ಇನ್ನೂ ಆಳವಾದುದು. ಧರ್ಮಾಧ್ಯಕ್ಷತ್ವ ಎಂಬುದು ವ್ಯಕ್ತಿಯೊಬ್ಬನ ಸ್ವಂತ ಸೊತ್ತಲ್ಲ, ಅದು ಒಂದು ನಿರ್ದಿಷ್ಟ ಸ್ಥಳದ ಭಕ್ತರೊಡನೆ ಇರುವ ಸಂಬಂಧ. ಹಾಗಾದರೆ ಆ ಸ್ಥಳವೇ ಕೈತಪ್ಪಿದರೆ ಗತಿಯೇನು? 692ರ ಟ್ರುಲ್ಲೊ ಸಭೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಶತ್ರುಗಳ ದಾಳಿಯಿಂದಾಗಿ ತಮ್ಮ ಪೀಠಕ್ಕೆ ಹೋಗಲಾಗದ ಧರ್ಮಾಧ್ಯಕ್ಷರಿಗೆ ಅದರಿಂದ ಯಾವ ಕುಂದೂ ಬರಬಾರದು, ಅವರ ಅಂತಸ್ತೂ ದೀಕ್ಷೆ ಕೊಡುವ ಅಧಿಕಾರವೂ ಹಾಗೆಯೇ ಉಳಿಯಬೇಕು ಎಂದು ಅದರ 37ನೆಯ ವಿಧಿ ಹೇಳುತ್ತದೆ. ಪೀಠದಿಂದ ದೂರವಿರುವ ಧರ್ಮಾಧ್ಯಕ್ಷ ಎಂಬ ಕಲ್ಪನೆಗೆ ಕಾನೂನಿನ ನೆಲೆ ದೊರೆತದ್ದು ಇಲ್ಲಿ. ಆದರೆ ಅದು ತಾತ್ಕಾಲಿಕ ಏರ್ಪಾಡಾಗಿತ್ತು. ಒಂದಲ್ಲ ಒಂದು ದಿನ ಊರಿಗೆ ಮರಳುವ ನಿರೀಕ್ಷೆ ಅದರಲ್ಲಿತ್ತು.

ಪಶ್ಚಿಮದ ಲ್ಯಾಟಿನ್ ಧರ್ಮಸಭೆಯಲ್ಲಿ ಆ ನಿರೀಕ್ಷೆ ನಿಧಾನವಾಗಿ ಮಾಸಿತು. ಧರ್ಮಯುದ್ಧಗಳ ಕಾಲದಲ್ಲಿ ಪ್ಯಾಲಸ್ತೀನ್, ಸಿರಿಯಾಗಳಲ್ಲಿ ಸ್ಥಾಪನೆಯಾಗಿದ್ದ ಲ್ಯಾಟಿನ್ ಪೀಠಗಳು 1291ರಲ್ಲಿ ಏಕರ್ ನಗರ ಬಿದ್ದ ಮೇಲೆ ಕೈಬಿಟ್ಟುಹೋದವು. ಓಡಿಬಂದ ಧರ್ಮಾಧ್ಯಕ್ಷರು ಯುರೋಪಿನಲ್ಲಿ ನೆಲೆಸಿ, ದೊಡ್ಡ ಧರ್ಮಪ್ರಾಂತ್ಯಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಿಗೆ ಸಹಾಯಕರಾಗಿ ಕೆಲಸ ಮಾಡಿದರು. ಅವರು ತೀರಿಕೊಂಡಾಗ ಪೋಪರು ಅದೇ ಪೀಠಗಳಿಗೆ ಉತ್ತರಾಧಿಕಾರಿಗಳನ್ನು ನೇಮಿಸುತ್ತ ಹೋದರು, ಏಕೆಂದರೆ ಸಹಾಯಕರ ಅಗತ್ಯ ನಿಜವಾಗಿತ್ತು ಮತ್ತು ಒಂದು ನಗರಕ್ಕೆ ಇಬ್ಬರು ಧರ್ಮಾಧ್ಯಕ್ಷರನ್ನು ನೇಮಿಸುವಂತಿರಲಿಲ್ಲ. ಅನ್ಯಧರ್ಮೀಯರ ನಾಡುಗಳಲ್ಲಿನ ಧರ್ಮಾಧ್ಯಕ್ಷರು ಎಂಬ ಅರ್ಥದ ಲ್ಯಾಟಿನ್ ವಿಶೇಷಣ ಅವರ ಹೆಸರಿನ ಜೊತೆಗೆ ಅಂಟಿಕೊಂಡಿತು. ಕಾಲಕ್ರಮದಲ್ಲಿ ರೋಮ್ ತನ್ನದಾಗಿದ್ದ ಪೀಠಗಳಿಗೆ ಮಾತ್ರ ನಿಲ್ಲದೆ, ಗ್ರೀಕ್ ಪೂರ್ವದ ಹಳೆಯ ಪಟ್ಟಿಗಳಲ್ಲಿದ್ದ ಪೀಠಗಳ ಹೆಸರುಗಳನ್ನೂ ಎತ್ತಿಕೊಂಡಿತು. ಇಯಾಸೋಸ್ ಆ ಗುಂಪಿಗೆ ಸೇರಿದ್ದು. ಬೈಜಾಂಟೈನ್ ಸಂಪ್ರದಾಯದ ಆ ಪೀಠದ ಹೆಸರು, ಊರು ಬರಿದಾದ ಎಷ್ಟೋ ಕಾಲದ ಮೇಲೆ, ಲ್ಯಾಟಿನ್ ಧರ್ಮಸಭೆಯ ಅಗತ್ಯಕ್ಕಾಗಿ ಮತ್ತೆ ಚಲಾವಣೆಗೆ ಬಂತು.

ಆ ಅಗತ್ಯ ಏನೆಂಬುದನ್ನು ತಿಳಿಯಲು ಭಾರತಕ್ಕೆ ಬರಬೇಕು. ಪೋರ್ಚುಗಲ್‌ನ ದೊರೆಗಳಿಗೆ ಪಾದ್ರುಆದೊ ಎಂಬ ಹೆಸರಿನಲ್ಲಿ ಪೋಪರು ಕೊಟ್ಟಿದ್ದ ಹಕ್ಕಿನಂತೆ, ಪೂರ್ವದ ಧರ್ಮಪ್ರಾಂತ್ಯಗಳಿಗೆ ಧರ್ಮಾಧ್ಯಕ್ಷರನ್ನು ಸೂಚಿಸುವ ಅಧಿಕಾರ ಆ ದೊರೆಗಳದ್ದಾಗಿತ್ತು. 1622ರಲ್ಲಿ ರೋಮ್ ಧರ್ಮಪ್ರಸಾರಕ್ಕಾಗಿ ಪ್ರೊಪಗಾಂಡಾ ಫಿದೆ ಎಂಬ ತನ್ನದೇ ಇಲಾಖೆಯನ್ನು ತೆರೆದಾಗ ಅದಕ್ಕೆ ಎದುರಾದ ಮೊದಲ ತೊಡಕು ಇದೇ. ಹೊಸ ಧರ್ಮಪ್ರಾಂತ್ಯ ತೆರೆದರೆ ಲಿಸ್ಬನ್ ತನ್ನ ಹಕ್ಕನ್ನು ಮುಂದಿಡುತ್ತದೆ. ಧರ್ಮಾಧ್ಯಕ್ಷರೇ ಇಲ್ಲದಿದ್ದರೆ ಸ್ಥಳೀಯ ಗುರುಗಳಿಗೆ ದೀಕ್ಷೆ ಕೊಡುವವರಿಲ್ಲ. ರೋಮ್ ಕಂಡುಕೊಂಡ ಪರಿಹಾರ ಜಾಣತನದ್ದು: ಧರ್ಮಾಧ್ಯಕ್ಷರ ದೀಕ್ಷೆಯನ್ನು ಅಳಿದುಹೋದ ಯಾವುದೋ ಪೀಠದ ಹೆಸರಿನಲ್ಲಿ ಕೊಡುವುದು, ಕೆಲಸ ಮಾಡುವ ನಾಡಿನಲ್ಲಿ ಮಾತ್ರ ಅವರನ್ನು ಪೋಪರ ಪ್ರತಿನಿಧಿಯಾಗಿ, ಅಂದರೆ ವಿಕಾರ್ ಅಪೊಸ್ತೊಲಿಕ್ ಆಗಿ, ನೇಮಿಸುವುದು. ಹೀಗೆ ಮಾಡಿದರೆ ಕಾಲ್ಸೆಡನ್ ವಿಧಿಯೂ ಉಳಿಯುತ್ತದೆ, ಪೋರ್ಚುಗಲ್‌ನ ಹಕ್ಕಿಗೆ ಸಿಕ್ಕಿಬೀಳುವ ಹೊಸ ಧರ್ಮಪ್ರಾಂತ್ಯವೂ ಹುಟ್ಟುವುದಿಲ್ಲ.

ಇದರ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಬಿಜಾಪುರದ ಆದಿಲ್‌ಶಾಹಿ ರಾಜ್ಯದಲ್ಲಿ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಮತೇವುಸ್ ದೆ ಕಾಸ್ತ್ರೊ ಅವರಿಗೆ 1637ರಲ್ಲಿ ರೋಮ್‌ನಲ್ಲಿ ಕ್ರಿಸೊಪೊಲಿಸ್ ಪೀಠದ ಹೆಸರಿನಲ್ಲಿ ಧರ್ಮಾಧ್ಯಕ್ಷರ ದೀಕ್ಷೆ ನೀಡಲಾಯಿತು. ಮುಂದೆ ಅವರು ಆದಿಲ್‌ಶಾಹಿ ಸೀಮೆಯ ವಿಕಾರ್ ಅಪೊಸ್ತೊಲಿಕ್ ಆದರು. ಗೋವೆಯ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಒಪ್ಪಲೇ ಇಲ್ಲ, ಅವರು ಕೊಟ್ಟ ದೀಕ್ಷೆಗಳನ್ನೂ ಪ್ರಶ್ನಿಸಿದರು. ಭಾರತೀಯರೊಬ್ಬರು ಧರ್ಮಾಧ್ಯಕ್ಷರ ಸ್ಥಾನಕ್ಕೆ ಏರಲು ಆ ಕಾಲದಲ್ಲಿ ದಾರಿ ಮಾಡಿಕೊಟ್ಟದ್ದು ಹೀಗೆ ಎಲ್ಲೋ ಅಳಿದುಹೋಗಿದ್ದ ಪೀಠದ ಹೆಸರು ಎಂಬುದನ್ನು ನೆನೆದರೆ, ಈ ಬಿರುದುಗಳನ್ನು ಬರೀ ಅಲಂಕಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡು ಶತಮಾನಗಳ ನಂತರ ಶಾರ್ಬೊನೊ ಅವರ ನೇಮಕವೂ ಇದೇ ಏರ್ಪಾಡಿನ ಮುಂದುವರಿಕೆ. 1840ರ ದಶಕದಲ್ಲಿ ಪಾಂಡಿಚೇರಿ ಮಿಷನ್ನಿನ ಸಹಾಯಕ್ಕೆಂದು ಅವರನ್ನು ಯಾಸ್ಸುಸ್ ಪೀಠದ ಹೆಸರಿನಲ್ಲಿ ಧರ್ಮಾಧ್ಯಕ್ಷರನ್ನಾಗಿ ಮಾಡಲಾಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್, ಅಂದರೆ ವಿಕಾರ್ ಅಪೊಸ್ತೊಲಿಕ್ ನೋಡಿಕೊಳ್ಳುವ ಸೀಮೆ, ಆದಾಗ ಅವರೇ ಅದರ ಮೊದಲ ಮುಖ್ಯಸ್ಥರಾದರು. ಅವರ ಕಾಲದಲ್ಲಿ, 1854ರಲ್ಲಿ, ಗುಡ್ ಶೆಫರ್ಡ್ ಸಂಸ್ಥೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದು ಶಾಲೆ ತೆರೆದರು. ಇಯಾಸೋಸ್‌ಗೆ ಸಂಬಂಧಿಸಿದಂತೆ ಅವರಿಗೆ ಯಾವ ಆಡಳಿತಾಧಿಕಾರವೂ ಇರಲಿಲ್ಲ. ಮೈಸೂರಿನಲ್ಲಿ ಅವರು ಚಲಾಯಿಸುತ್ತಿದ್ದ ಅಧಿಕಾರ ಪೋಪರದ್ದು, ಸ್ವಂತ ಪೀಠದ್ದಲ್ಲ. ಪದವಿಯ ಪವಿತ್ರತೆ ಒಂದು ಊರಿನಿಂದ, ಆಡಳಿತದ ಅಧಿಕಾರ ಇನ್ನೊಂದು ಮೂಲದಿಂದ ಬರುವ ಈ ವಿಭಜನೆಯನ್ನು ಗಮನಿಸಿದರೆ ಆ ನಿಘಂಟಿನ ಮುಖಪುಟದ ಎರಡು ಪದವಿಗಳೂ ಅರ್ಥವಾಗುತ್ತವೆ.

1882ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅನ್ಯಧರ್ಮೀಯರ ನಾಡು ಎಂಬ ಆ ಹಳೆಯ ವಿಶೇಷಣವನ್ನು ಕೈಬಿಟ್ಟರು. ಸ್ವತಂತ್ರವಾಗಿದ್ದ ಗ್ರೀಸ್ ಕ್ರೈಸ್ತ ರಾಜ್ಯವೇ ಆಗಿದ್ದು, ತಮ್ಮ ನಗರಗಳನ್ನು ಹಾಗೆ ಕರೆಯುವುದು ಅಲ್ಲಿನವರಿಗೆ ನೋವುಂಟುಮಾಡಿತ್ತು. ಅಂದಿನಿಂದ ಇವು ಬಿರುದಿನ ಪೀಠಗಳು ಎಂದಷ್ಟೇ ಹೆಸರಾದವು. 1886ರಲ್ಲಿ ಅದೇ ಪೋಪರು ಭಾರತದ ವಿಕಾರಿಯೇಟ್‌ಗಳನ್ನು ಪೂರ್ಣ ಪ್ರಮಾಣದ ಧರ್ಮಪ್ರಾಂತ್ಯಗಳನ್ನಾಗಿ ಮಾಡಿದಾಗ, ಮೈಸೂರನ್ನು ನೋಡಿಕೊಳ್ಳುತ್ತಿದ್ದ ಕೊಆಡು ಅವರು ಮೈಸೂರಿನದೇ ಧರ್ಮಾಧ್ಯಕ್ಷರಾದರು. ದೂರದ ಊರಿನ ಹೆಸರನ್ನು ಎರವಲು ಪಡೆಯುವ ಅಗತ್ಯ ಇಲ್ಲಿ ಆಗ ಮುಗಿಯಿತು.

ಉಳಿದ ಕಡೆಗಳಲ್ಲಿ ಮುಗಿಯಲಿಲ್ಲ. ಇಂದಿಗೂ ಕ್ಯಾಥೋಲಿಕ್ ಧರ್ಮಸಭೆಯ ಪಟ್ಟಿಯಲ್ಲಿ ಸುಮಾರು 2,000 ಬಿರುದಿನ ಪೀಠಗಳಿವೆ. ದೊಡ್ಡ ಧರ್ಮಪ್ರಾಂತ್ಯಗಳ ಸಹಾಯಕ ಧರ್ಮಾಧ್ಯಕ್ಷರಿಗೂ ಪೋಪರ ರಾಯಭಾರಿಗಳಿಗೂ ಅವನ್ನು ನೀಡಲಾಗುತ್ತದೆ. ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಆದ ಕರೋಲ್ ವೊಯ್ತಿವಾ 1958ರಲ್ಲಿ ಕ್ರಾಕೊ ನಗರದ ಸಹಾಯಕರಾದಾಗ ಈಜಿಪ್ಟಿನ ಓಂಬಿ ಪೀಠದ ಹೆಸರನ್ನು ಪಡೆದರು. ಬೈಜಾಂಟೈನ್ ಪೀಠದ ಹೆಸರಿಗೆ ಒಂದು ಜೀವಂತ ಅರ್ಥ ಕೊಟ್ಟವರೆಂದರೆ ಪೋಪ್ 23ನೆಯ ಜಾನ್. ಅವರು ರಾಯಭಾರಿಯಾಗಿ ಸುಮಾರು ಹತ್ತು ವರ್ಷ ಬಲ್ಗೇರಿಯಾದಲ್ಲಿದ್ದು, 1934ರಲ್ಲಿ ಅಲ್ಲಿಂದ ಇಸ್ತಾಂಬುಲ್‌ಗೆ ವರ್ಗವಾಗುವಾಗ ಬಲ್ಗೇರಿಯಾದ ಕಪ್ಪು ಸಮುದ್ರ ತೀರದ ಮೆಸೆಂಬ್ರಿಯಾ ಪೀಠದ ಬಿರುದನ್ನು, ಆ ದೇಶದ ನೆನಪು ತಮ್ಮೊಡನೆ ಉಳಿಯಲೆಂದು, ಸ್ವೀಕರಿಸಿದರು. ಇನ್ನೊಂದು ತುದಿಯಲ್ಲಿ 1995ರ ಪ್ರಕರಣವಿದೆ: ಫ್ರಾನ್ಸಿನ ಎವ್ರೊ ಧರ್ಮಪ್ರಾಂತ್ಯದಿಂದ ರೋಮ್ ತೆಗೆದುಹಾಕಿದ ಜಾಕ್ ಗಾಯೊ ಅವರಿಗೆ ಅಲ್ಜೀರಿಯಾದ ಅಳಿದುಹೋದ ಪಾರ್ತೇನಿಯಾ ಪೀಠ ಸಿಕ್ಕಿತು. ಪದವಿಯಿಂದ ಇಳಿಸಿದರೂ ಧರ್ಮಾಧ್ಯಕ್ಷರನ್ನು ಪೀಠವಿಲ್ಲದೆ ಬಿಡುವಂತಿರಲಿಲ್ಲ. ಕಾಲ್ಸೆಡನ್‌ನಲ್ಲಿ ಹೊರಟ ತತ್ವ ಅಲ್ಲಿಯೂ ತನ್ನ ಕೆಲಸ ಮಾಡಿತು.

ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಪೀಠಕ್ಕೆ ಇದೇ ವಿಷಯ ಬೇರೆಯದೇ ಭಾರದೊಂದಿಗೆ ಎದುರಾಯಿತು. ಅಲ್ಲಿ ಇಯಾಸೋಸ್‌ನಂಥ ಪೀಠಗಳು ಅನ್ಯರ ಪಟ್ಟಿಯಿಂದ ಎತ್ತಿಕೊಂಡವಲ್ಲ, ತಮ್ಮದೇ ಅಂಗಗಳು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ತಮ್ಮ ಜನರನ್ನು ವಿನಿಮಯ ಮಾಡಿಕೊಂಡಾಗ ಅನಾತೋಲಿಯದ ಆರ್ಥೊಡಾಕ್ಸ್ ಕ್ರೈಸ್ತರು ಬಹುಪಾಲು ಮನೆಮಾರು ತೊರೆದು ಗ್ರೀಸಿಗೆ ಹೋಗಬೇಕಾಯಿತು, ಅಲ್ಲಿಯವರೆಗೆ ಜೀವಂತವಾಗಿದ್ದ ಪೀಠಗಳೂ ಭಕ್ತರಿಲ್ಲದೆ ಉಳಿದವು. ಪೇಟ್ರಿಯಾರ್ಕ್ ಪೀಠ ಆ ಹೆಸರುಗಳನ್ನು ಬಿಟ್ಟುಕೊಡದೆ ತನ್ನ ಮೆಟ್ರೊಪಾಲಿಟನ್‌ಗಳಿಗೂ ಸಹಾಯಕ ಧರ್ಮಾಧ್ಯಕ್ಷರಿಗೂ ಕೊಡುತ್ತ ಬಂದಿದೆ. ಲಂಡನ್ನಿನಲ್ಲಿ ನೆಲೆಗೊಂಡ ಆರ್ಥೊಡಾಕ್ಸ್ ಪೀಠಕ್ಕೆ 1922ರಲ್ಲೇ ಥಿಯಾಟೈರಾ ಎಂಬ ಏಷ್ಯಾ ಮೈನರ್‌ನ ಹಳೆಯ ಹೆಸರನ್ನು ಇಡಲಾಗಿತ್ತು. 1982ರಲ್ಲಿ ಆಕ್ಸ್‌ಫರ್ಡ್‌ನ ವಿದ್ವಾಂಸ ಕಲ್ಲಿಸ್ಟೋಸ್ ವೇರ್ ಅದರ ಸಹಾಯಕ ಧರ್ಮಾಧ್ಯಕ್ಷರಾದಾಗ ಫ್ರಿಜಿಯಾದ ಡಿಯೋಕ್ಲಿಯಾ ಪೀಠದ ಬಿರುದು ಪಡೆದರು. ಇಯಾಸೋಸ್‌ಗೆ ಹಿರಿಯ ಪೀಠವಾಗಿದ್ದ ಸ್ಟಾವ್ರೋಪೊಲಿಸ್ ಕೂಡ ಹೀಗೆಯೇ ಮರಳಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಬಿರುದನ್ನು ಹೊತ್ತ ಮೆಟ್ರೊಪಾಲಿಟನ್ ಮ್ಯಾಕ್ಸಿಮೋಸ್ ಅವರು ಇಸ್ತಾಂಬುಲ್ ಬಳಿಯ ಹಾಲ್ಕಿ ದ್ವೀಪದ ಧರ್ಮಶಾಸ್ತ್ರ ಶಾಲೆಯ ಮುಖ್ಯಸ್ಥರಾಗಿದ್ದರು. ಖಾಸಗಿ ಉನ್ನತ ಶಿಕ್ಷಣವನ್ನು ಸರ್ಕಾರದ ಅಧೀನಕ್ಕೆ ತಂದ ತುರ್ಕಿಯ ಕಾನೂನಿನಿಂದಾಗಿ 1971ರಲ್ಲಿ ಆ ಶಾಲೆ ಮುಚ್ಚಿದಾಗ ಅದರ ಹೊಣೆ ಹೊತ್ತಿದ್ದವರು ಅವರೇ. ಪೇಟ್ರಿಯಾರ್ಕ್ ಪೀಠಕ್ಕೆ ಗುರುಗಳನ್ನು ತಯಾರು ಮಾಡುತ್ತಿದ್ದ ಆ ಶಾಲೆಯನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆಯನ್ನು ಪೇಟ್ರಿಯಾರ್ಕ್ ಬಾರ್ಥೊಲೊಮ್ಯೂ ಅವರು ದಶಕಗಳಿಂದ ತುರ್ಕಿ ಸರ್ಕಾರದ ಮುಂದಿಡುತ್ತ ಬಂದಿದ್ದಾರೆ.